ಎಂಪಿಎಚ್ ಆಯ್ತು, ಲೈಸೆನ್ಸ್ ಬೇಕಾ?

ಅಮೆರಿಕಕ್ಕೆ ಬಂದು ಪಬ್ಲಿಕ್ ಹೆಲ್ತ್ ಕೆಲಸ ಹುಡುಕುವವರು ಮೊದಲು ಕೇಳುವುದು ಇದನ್ನೇ. ನಿಮ್ಮ ಎಂಪಿಎಚ್ (ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್) ಡಿಗ್ರಿ ನೋಡಿ ಉತ್ತರ ಹೇಳಲಾಗದು. ಯಾವ ಹುದ್ದೆ, ಯಾವ ರಾಜ್ಯ ಅಂತ ನೋಡಬೇಕು.

ಎಪಿಡೆಮಿಯಾಲಜಿಸ್ಟ್ (ರೋಗ ಹರಡುವ ಬಗೆ ಅಧ್ಯಯನ ಮಾಡುವವರು), ಡೇಟಾ ಅನಲಿಸ್ಟ್, ಪ್ರೋಗ್ರಾಂ ಮ್ಯಾನೇಜರ್ ಕೆಲಸಗಳಿಗೆ ರಾಜ್ಯದ ಲೈಸೆನ್ಸ್ ಇಲ್ಲ. ಸಿಪಿಎಚ್ (ಸರ್ಟಿಫೈಡ್ ಇನ್ ಪಬ್ಲಿಕ್ ಹೆಲ್ತ್) ಪರೀಕ್ಷೆ ಬರೆಯುವುದು ಬಿಡುವುದು ನಿಮ್ಮಿಷ್ಟ. ಯಾರಾದರೂ ಕಡ್ಡಾಯ ಅಂದರೆ, ಫೀಸು ಕಟ್ಟುವ ಮುಂಚೆ ಕೆಲಸದ ಜಾಹೀರಾತನ್ನು ಪೂರ್ತಿ ಓದಿ.

ಹೋಟೆಲ್ ಅಡುಗೆಮನೆ, ಈಜುಕೊಳ ತಪಾಸಣೆ ಮಾಡುವವರನ್ನು ನಮ್ಮಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಅಂತೀವಲ್ವಾ, ಆ ಕೆಲಸದ ಕಥೆ ಬೇರೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಲ್ಲಿ ಆರ್‌ಇಎಚ್‌ಎಸ್ (ರಿಜಿಸ್ಟರ್ಡ್ ಎನ್ವಿರಾನ್ಮೆಂಟಲ್ ಹೆಲ್ತ್ ಸ್ಪೆಷಲಿಸ್ಟ್) ಅಂತ, ಟೆಕ್ಸಾಸ್‌ನಲ್ಲಿ ರಿಜಿಸ್ಟರ್ಡ್ ಸ್ಯಾನಿಟೇರಿಯನ್ ಅಂತ ಕರೆಯುತ್ತಾರೆ. ಈ ರಿಜಿಸ್ಟ್ರೇಶನ್ ಸಿಗಲು ಡಿಗ್ರಿಯಲ್ಲಿ ವಿಜ್ಞಾನದ ಕ್ರೆಡಿಟ್ ಇರಬೇಕು, ಪರೀಕ್ಷೆಯೂ ಉಂಟು. ಬಿಕಾಂ ಮೇಲೆ ಎಂಪಿಎಚ್ ಮಾಡಿದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ನರ್ಸ್‌ಗಳಿಗೆ ಕ್ಯಾಲಿಫೋರ್ನಿಯಾದಲ್ಲಿ ಎರಡು ಮೆಟ್ಟಿಲು. ಮೊದಲು ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್, ಆಮೇಲೆ ಪಬ್ಲಿಕ್ ಹೆಲ್ತ್ ನರ್ಸ್ ಅನ್ನುವ ಬೇರೆ ಸರ್ಟಿಫಿಕೇಟ್. ಒಂದು ರಾಜ್ಯದ ಲೈಸೆನ್ಸ್ ಇನ್ನೊಂದರಲ್ಲೂ ನಡೆಯುವ ಒಪ್ಪಂದವಾದ ನರ್ಸ್ ಲೈಸೆನ್ಸ್ ಕಾಂಪ್ಯಾಕ್ಟ್‌ನಲ್ಲಿ ಆ ರಾಜ್ಯ ಇಲ್ಲ. ಹಾಗಾಗಿ ಗಂಡನ ಕೆಲಸ ಟೆಕ್ಸಾಸ್‌ನ ಡಲ್ಲಾಸ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬದಲಾದರೆ ನಿಮ್ಮ ಟೆಕ್ಸಾಸ್ ಲೈಸೆನ್ಸ್ ಅಲ್ಲಿ ನಡೆಯದು, ಹೊಸದಾಗಿ ಅರ್ಜಿ ಹಾಕಬೇಕು.

ಟೆಕ್ಸಾಸ್‌ನಲ್ಲಿ ಸಂಬಳಕ್ಕೆ ಕಮ್ಯುನಿಟಿ ಹೆಲ್ತ್ ವರ್ಕರ್ ಆಗಲು ಸರ್ಟಿಫಿಕೇಶನ್ ಬೇಕು: 160 ಗಂಟೆ ತರಬೇತಿ, ಇಲ್ಲವೇ ಹಿಂದಿನ 3 ವರ್ಷದಲ್ಲಿ 1,000 ಗಂಟೆ ಅನುಭವ. ಬಿಡಿಎಸ್, ಬಿಎಎಂಎಸ್ ಮಾಡಿದವರು 'ಅಯ್ಯೋ, ಆಶಾ ಕಾರ್ಯಕರ್ತೆ ಕೆಲಸಾನಾ?' ಅಂತ ಮೂಗು ಮುರಿಯುತ್ತಾರೆ. ನನ್ನ ಪ್ರಕಾರ ಅದು ತಪ್ಪು. ಇಲ್ಲಿನ ಅನುಭವ ಅಂತ ರೆಸ್ಯೂಮೆಯಲ್ಲಿ ಹಾಕಲು ಒಂದು ಸಾಲು ಸಿಗುತ್ತದೆ, ಕೌಂಟಿಯವರ (ನಮ್ಮ ಜಿಲ್ಲಾಡಳಿತದ ಹಾಗೆ) ಪರಿಚಯವೂ ಆಗುತ್ತದೆ. ಎಚ್-4 ಅವಲಂಬಿತ ವೀಸಾದಲ್ಲಿ ಇರುವವರು ಮಾತ್ರ ಇಎಡಿ (ಕೆಲಸದ ಪರವಾನಗಿ) ಬರುವವರೆಗೆ ಕೆಲಸಕ್ಕೆ ಕೈ ಹಾಕಬೇಡಿ.

ಜಾಸ್ತಿ ಜನ ಒದ್ದಾಡುವುದು ಕಾಗದಪತ್ರಕ್ಕೆ. ಇನ್ನೂ ಊರಲ್ಲೇ ಇದ್ದರೆ ಹೊರಡುವ ಮುಂಚೆ ಯೂನಿವರ್ಸಿಟಿಯಿಂದ ಟ್ರಾನ್ಸ್‌ಕ್ರಿಪ್ಟ್ (ಅಂಕಗಳ ಅಧಿಕೃತ ದಾಖಲೆ) ತೆಗೆಸಿ. ನರ್ಸ್‌ಗಳಾದರೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ವೆರಿಫಿಕೇಶನ್ ಹೇಗೆ ಕಳಿಸುತ್ತಾರೆ ಅಂತಲೂ ಕೇಳಿಕೊಳ್ಳಿ. ಹೆಸರನ್ನೂ ನೋಡಿ. ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಶಿಯಲ್ ಬಿಡಿಸಿ ಬರೆದ ಊರು, ಅಪ್ಪನ ಹೆಸರು. ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿ ತನ್ನಿ. ಟ್ರಾನ್ಸ್‌ಕ್ರಿಪ್ಟ್ ಅನ್ನು ಅಂಟಿಸಿದ ಕವರಿನಲ್ಲಿ, ಅಂಟಿನ ಮೇಲೆ ಸೀಲು ಹಾಕಿ ಕೊಡುತ್ತಾರೆ. ಒಳಗೇನಿದೆ ನೋಡೋಣ ಅಂತ ಸುಮ್ನೆ ಬಿಚ್ಚಬೇಡಿ, ಬಿಚ್ಚಿದ ಕವರನ್ನು ಲೈಸೆನ್ಸ್ ಕೊಡುವ ಬೋರ್ಡಿನವರು ತೆಗೆದುಕೊಳ್ಳುವುದಿಲ್ಲ.