ಧಾನ್ಯದ ಗೋದಾಮಿನಲ್ಲಿ ಚೀಲದ ನಿಟ್ಟು ಕುಸಿಯದಂತೆ ಕಟ್ಟುವುದು, ಬಿಚ್ಚುವುದು

2023ರ ಡಿಸೆಂಬರ್‌ನಲ್ಲಿ ವಿಜಯಪುರದ ಮೆಕ್ಕೆಜೋಳ ಸಂಸ್ಕರಣಾ ಘಟಕವೊಂದರಲ್ಲಿ ದಾಸ್ತಾನು ಕುಸಿದು, ಬಿಹಾರದಿಂದ ದುಡಿಯಲು ಬಂದಿದ್ದ ಏಳು ಮಂದಿ ಅದರಡಿ ಸಿಕ್ಕಿ ಸತ್ತರು. ಗೋದಾಮಿನ ಸುರಕ್ಷತೆ ಎಂದರೆ ಹೆಲ್ಮೆಟ್ಟು, ಬೂಟು, ಗೋಡೆಯ ಮೇಲೊಂದು ಬೋರ್ಡು ಎಂದು ತಿಳಿದವರು ಬಹಳ. ಆದರೆ ಟನ್‌ಗಟ್ಟಲೆ ಕಾಳು ಮೈಮೇಲೆ ಬಿದ್ದಾಗ ಹೆಲ್ಮೆಟ್ ಏನೂ ಮಾಡದು. ಇಲ್ಲಿ ಜೀವ ಉಳಿಸುವುದು ನಿಟ್ಟು, ಅಂದರೆ ಒಂದರ ಮೇಲೊಂದು ಪೇರಿಸಿದ ಚೀಲಗಳ ರಾಶಿ, ಕಟ್ಟುವ ಕ್ರಮ, ಅದಕ್ಕಿಂತ ಹೆಚ್ಚಾಗಿ ಅದನ್ನು ಬಿಚ್ಚುವ ಕ್ರಮ.

ನೆಲ ಮತ್ತು ಅಡಿ

ಚೀಲ ಬರುವ ಮೊದಲೇ ನೆಲದ ಮೇಲೆ ಹಳದಿ ಬಣ್ಣದಿಂದ ನಿಟ್ಟಿನ ಗಡಿ ಎಳೆಯಿರಿ. ಗೋಡೆಗೂ ನಿಟ್ಟಿಗೂ ನಡುವೆ ಕನಿಷ್ಠ ಎರಡೂವರೆ ಅಡಿ ಜಾಗ ಬಿಡಬೇಕು. ಜಾಗ ಉಳಿಸುವ ಆಸೆಗೆ ಚೀಲವನ್ನು ಗೋಡೆಗೆ ಒರಗಿಸುವವರಿದ್ದಾರೆ. ಸಾಮಾನ್ಯ ಇಟ್ಟಿಗೆ ಗೋಡೆ ಮೇಲಿನಿಂದ ಬರುವ ಭಾರ ಹೊರುತ್ತದೆಯೇ ಹೊರತು ಪಕ್ಕದಿಂದ ಒತ್ತುವ ಭಾರವನ್ನಲ್ಲ. ಒರಗಿದ ನಿಟ್ಟು ಜಾರಿದರೆ ಗೋಡೆಯೂ ಹೊರಕ್ಕೆ ಬೀಳುತ್ತದೆ. ರೋಲಿಂಗ್ ಶಟರಿಗೆ ಒರಗಿಸುವುದಂತೂ ಬೇಡವೇ ಬೇಡ. ಶಟರ್ ಎತ್ತಿದವನ ಮೇಲೆಯೇ ಚೀಲ ಬೀಳುತ್ತದೆ.

ನೆಲದ ಮೇಲೆ ಮರದ ಹಲಗೆ ಚೌಕಟ್ಟು ಹಾಸಿ. ಅದು ಸಿಗದಿದ್ದರೆ ಬಿದಿರು ಚಾಪೆ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ. ತೇವ ತಡೆಯಲೆಂದು ಇದನ್ನು ಹಾಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತು, ಆದರೆ ಬೀಳುವುದಕ್ಕೂ ಇದಕ್ಕೂ ನೇರ ಸಂಬಂಧವಿದೆ. ಕೆಳಗಿನ ಚೀಲ ನೆನೆದರೆ ದಾರ ಕೊಳೆತು ಬಾಯಿ ಬಿಚ್ಚುತ್ತದೆ, ಕಾಳು ಮುಗ್ಗಿ ಕುಗ್ಗುತ್ತದೆ, ಆ ಮೂಲೆ ತಗ್ಗುತ್ತದೆ. 50 ಕೆ.ಜಿ. ಚೀಲಗಳ ಹನ್ನೆರಡು ವರಸೆಯ (ಒಂದರ ಮೇಲೊಂದು ಹಾಸಿದ ಪದರದ) ನಿಟ್ಟಿನಲ್ಲಿ ತಳದ ಒಂದೊಂದು ಚೀಲದ ಮೇಲೂ 550 ಕೆ.ಜಿ. ಕೂತಿರುತ್ತದೆ. ತಳದಲ್ಲಿ ಎರಡು ಇಂಚು ತಗ್ಗಿದ್ದು ನಿಟ್ಟಿನ ತಲೆಯಲ್ಲಿ ಒಂದು ಅಡಿ ವಾಲಿಕೆಯಾಗಿ ಕಾಣಬಹುದು. ಮುರಿದ ಹಲಗೆಯನ್ನು ಕೆಳಗಿಟ್ಟರೂ ಇದೇ ಗತಿ. ಅದನ್ನು ಒಲೆಗೆ ಹಾಕಿ, ನಿಟ್ಟಿನ ಅಡಿಗೆ ಬೇಡ.

ವರಸೆ ಹಾಕುವುದು

ಮೊದಲ ವರಸೆಯಲ್ಲಿ ಅಂಚಿನ ಚೀಲಗಳ ಹೊಲಿದ ಬಾಯಿ ಒಳಮುಖವಾಗಿರಲಿ. ಬಾಯಿ ಹೊರಗಿದ್ದು ಹೊಲಿಗೆ ಬಿಟ್ಟರೆ ಕಾಳು ಸುರಿದುಹೋಗಿ ಆ ಚೀಲದ ಜಾಗ ಪೊಳ್ಳಾಗುತ್ತದೆ. ಒಂದು ವರಸೆ ಉದ್ದಕ್ಕೆ ಹಾಕಿದರೆ ಮೇಲಿನದು ಅಡ್ಡಕ್ಕೆ. ಕೆಳಗಿನ ಎರಡು ಚೀಲಗಳ ಸಂದಿನ ಮೇಲೆ ಮೇಲಿನ ಚೀಲದ ಹೊಟ್ಟೆ ಕೂರಬೇಕು, ಇಟ್ಟಿಗೆ ಕಟ್ಟಡದ ಹಾಗೆ. ನಾಲ್ಕು ಮೂಲೆಗಳನ್ನು ಅನುಭವಿ ಹಮಾಲರಿಗೇ ಕೊಡಿ. ನಡುವೆ ಯಾರು ಹಾಕಿದರೂ ನಡೆಯುತ್ತದೆ. ಪ್ರತಿ ವರಸೆಯ ನಂತರ ಚೀಲವನ್ನು ಕಾಲಿನಿಂದ ತುಳಿದು ಚಪ್ಪಟೆ ಮಾಡಬೇಕು. ಉಬ್ಬಿದ ಚೀಲದ ಮೇಲೆ ಮತ್ತೊಂದು ಉಬ್ಬಿದ ಚೀಲ ನಿಲ್ಲದು.

ನೇರ ಗೋಡೆಯಂತೆ ತಲೆಯವರೆಗೆ ಏರಿಸಬೇಡಿ. ಐದಾರು ವರಸೆ ಆದ ಮೇಲೆ ಸುತ್ತಲೂ ಅರ್ಧ ಚೀಲದಷ್ಟು ಒಳಕ್ಕೆ ಎಳೆಯಿರಿ, ಮತ್ತೆ ಐದಾರು ವರಸೆಗೆ ಇನ್ನೊಮ್ಮೆ. ಮೇಲೆ ಕೆಲವು ಚೀಲಗಳ ಜಾಗ ಹೋಗುತ್ತದೆಂದು ಮಾಲೀಕರು ಗೊಣಗುವುದು ಇಲ್ಲಿಯೇ. ಹೋಗಲಿ.

ಎತ್ತರ ಎಷ್ಟು? ನಾರಿನ ಗೋಣಿ ಚೀಲ ಒಂದನ್ನೊಂದು ಕಚ್ಚಿ ಹಿಡಿಯುತ್ತದೆ, ಪ್ಲಾಸ್ಟಿಕ್ ಚೀಲ ಜಾರುತ್ತದೆ. ಗೋಣಿಯಾದರೆ 14 ವರಸೆ, ಪ್ಲಾಸ್ಟಿಕ್ಕಾದರೆ 10ಕ್ಕೆ ನಿಲ್ಲಿಸುವುದು ಸಣ್ಣ ಗೋದಾಮಿಗೆ ಒಳ್ಳೆಯ ಮಿತಿ. ಜೊತೆಗೆ, ನಿಟ್ಟಿನ ಎತ್ತರ ಅದರ ತಳದ ಅಗಲವನ್ನು ಮೀರಬಾರದು. ಸರ್ಕಾರಿ ಗೋದಾಮುಗಳಲ್ಲಿ ಇದಕ್ಕಿಂತ ಎತ್ತರದ ನಿಟ್ಟು ನೋಡಿರುತ್ತೀರಿ. ಅಲ್ಲಿ ತಳ 30 ಅಡಿಗೆ 20 ಅಡಿ, ಹಾಕುವವರು ಅದೇ ಕಸುಬಿನಲ್ಲಿ ಪಳಗಿದವರು. ಹತ್ತು ಅಡಿ ಅಗಲದ ತಳದ ಮೇಲೆ ಅವರ ಎತ್ತರವನ್ನು ನಕಲು ಮಾಡಲಾಗದು. ಗೋಣಿ ಮತ್ತು ಪ್ಲಾಸ್ಟಿಕ್ ಚೀಲಗಳನ್ನು ಒಂದೇ ನಿಟ್ಟಿನಲ್ಲಿ ಬೆರೆಸಬೇಡಿ.

ಬಿಚ್ಚುವಾಗ

ಅಪಾಯ ಹೆಚ್ಚು ಇರುವುದು ಇಲ್ಲಿ. ಸಂಜೆ ಲಾರಿ ಬಂದು ನಿಂತಿರುತ್ತದೆ, ಚಾಲಕ ಹಾರ್ನ್ ಹೊಡೆಯುತ್ತಿರುತ್ತಾನೆ, 200 ಚೀಲ ಬೇಗ ತುಂಬಬೇಕು. ಹಮಾಲ ಮೇಲೆ ಹತ್ತುವ ಬದಲು ಎದೆ ಎತ್ತರದಲ್ಲಿ ಸಿಗುವ ಚೀಲವನ್ನು ಎಳೆಯುತ್ತಾನೆ. ಮೊದಲ ಚೀಲ ಎಳೆದಾಗ ಏನೂ ಆಗುವುದಿಲ್ಲ, ಹತ್ತನೆಯದಕ್ಕೂ ಆಗದಿರಬಹುದು. ಅಡ್ಡ ಉದ್ದ ಹಾಕಿದ ವರಸೆಗಳು ಸ್ವಲ್ಪ ಹೊತ್ತು ಕಮಾನಿನಂತೆ ಹಿಡಿದುಕೊಳ್ಳುತ್ತವೆ. ಆಮೇಲೆ ಒಂದೇ ಏಟಿಗೆ ಇಡೀ ಮುಖ ಕಳಚುತ್ತದೆ. ಹನ್ನೆರಡನೇ ವರಸೆಯಿಂದ ಬೀಳುವ 50 ಕೆ.ಜಿ. ಚೀಲ ನೆಲ ಮುಟ್ಟುವಾಗ ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿರುತ್ತದೆ. ತಪ್ಪಿಸಿಕೊಳ್ಳಲು ಇರುವುದು ಒಂದು ಸೆಕೆಂಡಿಗೂ ಕಡಿಮೆ ಸಮಯ.

ಬಿಚ್ಚುವುದು ತಲೆಯಿಂದಲೇ ಶುರುವಾಗಬೇಕು, ಮೆಟ್ಟಿಲು ಮೆಟ್ಟಿಲಾಗಿ: ಮೇಲಿನ ವರಸೆ ಹಿಂದೆ, ಕೆಳಗಿನದು ಅದಕ್ಕಿಂತ ಒಂದು ಚೀಲ ಮುಂದೆ. ಮೂರು ವರಸೆಗಿಂತ ಹೆಚ್ಚು ನೇರ ಮುಖ ಎಂದೂ ಉಳಿಯಬಾರದು. ಮೇಲೆ ಕೆಲಸ ನಡೆಯುವಾಗ ಅದೇ ಮುಖದ ಕೆಳಗೆ ಯಾರೂ ಇರಕೂಡದು. ಚೀಲ ಎಣಿಸುವ ಗುಮಾಸ್ತನನ್ನು ಎಲ್ಲರೂ ಮರೆಯುತ್ತಾರೆ. ಅವನು ಪುಸ್ತಕ ಹಿಡಿದು ನಿಟ್ಟಿನ ಬುಡದಲ್ಲೇ ಕುರ್ಚಿ ಹಾಕಿರುತ್ತಾನೆ. ಅವನ ಜಾಗ ಬಾಗಿಲ ಬಳಿ, ನಿಟ್ಟಿನ ಎತ್ತರದ ಒಂದೂವರೆ ಪಟ್ಟು ದೂರದಲ್ಲಿ.

ಹಳೆಯ ಮಾಲು ಹಿಂದೆ, ಹೊಸದು ಮುಂದೆ ಇದ್ದರೆ ಹಮಾಲರು ನಡುವೆ ಸುರಂಗ ಕೊರೆದೇ ಕೊರೆಯುತ್ತಾರೆ. ಅದನ್ನು ಬೈದು ತಡೆಯಲಾಗದು. ಒಂದೊಂದು ಲಾಟಿಗೂ (ಒಂದು ಸಲಕ್ಕೆ ಬಂದ ಮಾಲಿಗೂ) ಪ್ರತ್ಯೇಕ ನಿಟ್ಟು, ನಡುವೆ ಓಡಾಟದ ದಾರಿ, ಮೊದಲು ಬಂದದ್ದು ಬಾಗಿಲಿಗೆ ಹತ್ತಿರ ಎಂದು ನಕ್ಷೆ ಮಾಡಿಟ್ಟರೆ ಸುರಂಗದ ಅಗತ್ಯವೇ ಬೀಳದು.

ವಾಲಿಕೆ ಗುರುತಿಸುವುದು

ಗಾರೆ ಕೆಲಸದವರ ತೂಗುಗುಂಡು ಒಂದನ್ನು ಗೋದಾಮಿನಲ್ಲಿ ಇಟ್ಟುಕೊಳ್ಳಿ. ಕೋಲಿನ ತುದಿಗೆ ಕಟ್ಟಿ ಪಕ್ಕದಿಂದ ಹಿಡಿದು ನೋಡಿದರೆ ಸಾಕು, ನಿಟ್ಟಿನ ಬುಡಕ್ಕೆ ಹೋಗಬೇಕಿಲ್ಲ. ವಾರಕ್ಕೊಮ್ಮೆ ಅಳೆದು ತಾರೀಕಿನೊಂದಿಗೆ ಬರೆದಿಡಿ. ಅಳತೆ ದೊಡ್ಡದೇ ಚಿಕ್ಕದೇ ಎನ್ನುವುದಕ್ಕಿಂತ ಬೆಳೆಯುತ್ತಿದೆಯೇ ಎನ್ನುವುದು ಮುಖ್ಯ. ಬುಡದಲ್ಲಿ ಹೊಸದಾಗಿ ಸುರಿದ ಕಾಳು, ಇಲಿ ಕಡಿದ ತೂತು, ನಡುಮಟ್ಟದಲ್ಲಿ ಹೊರಬಂದ ಹೊಟ್ಟೆ, ಛಾವಣಿ ಸೋರಿದ ಒದ್ದೆ ಗುರುತು ಕಂಡರೆ ಅವತ್ತೇ ಆ ನಿಟ್ಟಿನ ಸುತ್ತ ಹಗ್ಗ ಕಟ್ಟಿ ಓಡಾಟ ನಿಲ್ಲಿಸಿ. ಮಳೆಗಾಲದ ಮೊದಲ ವಾರ ಇದನ್ನು ದಿನಾ ನೋಡಬೇಕು.

ವಾಲಿದ ನಿಟ್ಟಿಗೆ ಬಿದಿರಿನ ಊರುಗೋಲು ಕೊಡುವುದು ಎಲ್ಲ ಕಡೆ ಕಾಣುವ ತಪ್ಪು. ಕೋಲು ಆ ಭಾರ ತಡೆಯದು, ಆದರೆ ಕೋಲು ನೆಡಲು ಹೋದವನು ಬೀಳುವ ಕಡೆಯಲ್ಲೇ ನಿಂತಿರುತ್ತಾನೆ. ವಾಲಿದ ದಿಕ್ಕಿನ ಎದುರು ಬದಿಯಿಂದ, ಪಕ್ಕದ ಗಟ್ಟಿ ನಿಟ್ಟಿನ ಮೇಲೆ ನಿಂತು, ತಲೆಯ ಚೀಲಗಳನ್ನು ಇಳಿಸಬೇಕು. ಹಾಗೆ ಮಾಡಲು ಜಾಗವಿಲ್ಲದಿದ್ದರೆ ಜನರನ್ನು ಹೊರಗಿಟ್ಟು ಬೀಳಲು ಬಿಡಿ. ಹರಿದ ಚೀಲದ ಕಾಳನ್ನು ಮತ್ತೆ ತುಂಬಿಕೊಳ್ಳಬಹುದು.

ಲಾರಿ, ಬೆಲ್ಟು, ಬೆನ್ನು

ಲಾರಿ ನಿಂತ ಕೂಡಲೇ ಚಕ್ರಕ್ಕೆ ಮರದ ತಡೆ, ಕೀ ಮೇಸ್ತ್ರಿಯ ಕೈಗೆ. ಹಗ್ಗ ಬಿಚ್ಚುವವನು, ಪಕ್ಕದ ಬಾಗಿಲು ಇಳಿಸುವವನು ಲಾರಿಯ ಮೂಲೆಯಲ್ಲಿ ನಿಲ್ಲಬೇಕು, ಬಾಗಿಲ ಎದುರಲ್ಲ. ದಾರಿಯಲ್ಲಿ ಕುಲುಕಿದ ಚೀಲಗಳು ಆ ಬಾಗಿಲಿಗೇ ಒರಗಿರುತ್ತವೆ. ಹತ್ತಿಳಿಯುವ ಹಲಗೆ ಎರಡು ಇಂಚು ದಪ್ಪ, ಎರಡು ಅಡಿ ಅಗಲ ಇರಲಿ, ಜಾರದಂತೆ ಅಡ್ಡಪಟ್ಟಿ ಹೊಡೆದಿರಲಿ; ಅದರ ಮೇಲೆ ಒಂದು ಸಲಕ್ಕೆ ಒಬ್ಬರೇ.

ಚೀಲ ಏರಿಸುವ ಬೆಲ್ಟ್ ಯಂತ್ರದಲ್ಲಿ ಕೈ ಸಿಕ್ಕುವುದು ಎರಡು ತುದಿಯ ಉರುಳೆಗಳ ಬಳಿ. ಅಲ್ಲಿ ಜಾಲರಿ ಇರಲೇಬೇಕು, ನಿಲ್ಲಿಸುವ ಗುಂಡಿ ಎರಡೂ ತುದಿಯಲ್ಲಿ ಕೈಗೆಟುಕಬೇಕು. ಹೆಗಲ ಮೇಲಿನ ಟವೆಲ್ಲು, ಸಡಿಲ ಲುಂಗಿ ಯಂತ್ರದ ಹತ್ತಿರ ಬೇಡ. ಸಿಕ್ಕಿಕೊಂಡ ಚೀಲ ಬಿಡಿಸುವ ಮೊದಲು ಮೇನ್ ಸ್ವಿಚ್ ಆರಿಸಿ, ಫ್ಯೂಸ್ ಜೇಬಿಗೆ ಹಾಕಿಕೊಳ್ಳಿ.

ಒಬ್ಬ ವಯಸ್ಕ ಗಂಡಸು ಹೊರುವ ಭಾರ 55 ಕೆ.ಜಿ. ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಆದ್ದರಿಂದ ಕ್ವಿಂಟಲ್ ಚೀಲ ಒಬ್ಬನ ಬೆನ್ನಿಗೆ ಬೇಡ. 50 ಕೆ.ಜಿ. ಚೀಲವನ್ನೂ ಇಬ್ಬರು ಎತ್ತಿಕೊಟ್ಟು ಮೂರನೆಯವನು ಹೊತ್ತರೆ ಸೊಂಟ ಉಳಿಯುತ್ತದೆ. ನೆಲದಿಂದ ಒಬ್ಬನೇ ಎತ್ತುತ್ತ ಮೈ ತಿರುಚುವಾಗಲೇ ಸೊಂಟ ಹಿಡಿಯುವುದು.

ಹುಳದ ಔಷಧಿ ಇಟ್ಟಾಗ

ಅಲ್ಯೂಮಿನಿಯಂ ಫಾಸ್ಫೈಡ್‌ನ 3 ಗ್ರಾಂ ಮಾತ್ರೆ ಗಾಳಿಯ ತೇವ ತಾಗಿ 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ವಾಸನೆ ಬಾರದಿದ್ದರೆ ಅನಿಲವಿಲ್ಲ ಎಂದು ನಂಬಬೇಡಿ. ಪರವಾನಗಿ ಇರುವ ಕೀಟ ನಿಯಂತ್ರಕರಿಂದಲೇ ಇದನ್ನು ಮಾಡಿಸಬೇಕು. ಮಾತ್ರೆಗೆ ನೀರು ತಾಗಿದರೆ ಬೆಂಕಿ ಹತ್ತಬಹುದು, ಆದ್ದರಿಂದ ಒದ್ದೆ ನೆಲದ ಮೇಲೆ ಅಥವಾ ಗುಡ್ಡೆ ಮಾಡಿ ಇಡಕೂಡದು. ನಿಟ್ಟಿಗೆ ಹೊದಿಸಿದ ಹೊದಿಕೆಯ ಅಂಚಿಗೆ ಸುತ್ತಲೂ ಮರಳು ತುಂಬಿದ ಉದ್ದ ಚೀಲ ಇಟ್ಟು ಏಳು ದಿನ ಮುಚ್ಚಿ, ತೆಗೆದ ಮೇಲೆ ಬಾಗಿಲು ಕಿಟಕಿ ತೆರೆದು, ಅಳೆಯುವ ಉಪಕರಣ 0.3 ಪಿಪಿಎಂಗಿಂತ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 0.3 ಪಾಲು ಅನಿಲಕ್ಕಿಂತ) ಕಡಿಮೆ ತೋರಿಸಿದ ನಂತರವೇ ಒಳಗೆ ಕೆಲಸ.

ಹೊರರಾಜ್ಯದ ಕಾರ್ಮಿಕರು ರಾತ್ರಿ ಗೋದಾಮಿನಲ್ಲೇ, ಚೀಲಗಳ ಪಕ್ಕದಲ್ಲೇ ಮಲಗುವ ರೂಢಿ ಹಲವೆಡೆ ಇದೆ. ಅನಿಲದ ದೃಷ್ಟಿಯಿಂದಲೂ ಕುಸಿತದ ದೃಷ್ಟಿಯಿಂದಲೂ ಇದನ್ನು ಪೂರ್ತಿ ನಿಲ್ಲಿಸಬೇಕು; ಔಷಧಿ ಇಟ್ಟ ಗೋಡೆಗೆ ಅಂಟಿದ ಕೋಣೆಯೂ ಮಲಗಲು ತಕ್ಕದ್ದಲ್ಲ. ಅವರಿಗೆ ಹಿಂದಿಯಲ್ಲೋ ಭೋಜ್‌ಪುರಿಯಲ್ಲೋ ಹೇಳಿ, ತಿರುಗಿ ಹೇಳಿಸಿಕೊಳ್ಳಿ. ಕನ್ನಡದ ಬೋರ್ಡು ಅವರಿಗೆ ಓದಲು ಬಾರದು. ‘ಓಡು’ ಎನ್ನಲು ಎಲ್ಲರಿಗೂ ತಿಳಿಯುವ ಒಂದೇ ಕೂಗು ಗೊತ್ತುಮಾಡಿ.

ಯಾರಾದರೂ ಹೂತುಹೋದರೆ

ಯಂತ್ರ ನಿಲ್ಲಿಸಿ, 112ಕ್ಕೆ ಕರೆ ಮಾಡಿ, ಹಾಜರಿ ಪುಸ್ತಕ ಹಿಡಿದು ತಲೆ ಎಣಿಸಿ. ಯಾರು ಎಲ್ಲಿದ್ದರು ಎಂದು ಕೇಳಿ, ಜಾಗ ಗುರುತಿಸಿ. ಬುಡದಿಂದ ಎಳೆಯಬೇಡಿ, ಪಕ್ಕದಿಂದ ಜೆಸಿಬಿ ನುಗ್ಗಿಸಬೇಡಿ. ಉಳಿದ ಮುಖವೂ ಬೀಳುತ್ತದೆ. ಕುಸಿದ ರಾಶಿಯ ಮೇಲೆ ತೂಗುತ್ತಿರುವ ಚೀಲಗಳನ್ನು ಮೊದಲು ಇಳಿಸಿ, ಆಮೇಲೆ ಎರಡು ಸಾಲಿನಲ್ಲಿ ನಿಂತು ಮೇಲಿನಿಂದ ಕೈಯಿಂದ ಕೈಗೆ ಸಾಗಿಸಿ. ತಲೆ, ಎದೆ ಬಿಡಿಸುವುದು ಮೊದಲು: ಎದೆ ಅದುಮಿದ್ದರೆ ಬಾಯಿ ಮೂಗು ತೆರೆದಿದ್ದರೂ ಉಸಿರಾಡಲಾಗದು. ಕಾಲು ತೊಡೆ ಗಂಟೆಗೂ ಹೆಚ್ಚು ಹೊತ್ತು ಅದುಮಿದ್ದು, ಮನುಷ್ಯ ಉಸಿರಾಡುತ್ತಿದ್ದರೆ, ವೈದ್ಯರು ಬಂದ ಮೇಲೆ ಅವರ ಎದುರಲ್ಲೇ ಭಾರ ತೆಗೆಯುವುದು ಮೇಲು. ಜಜ್ಜಿದ ಸ್ನಾಯುವಿನಲ್ಲಿ ಸೇರಿದ ಪೊಟ್ಯಾಸಿಯಂ ಭಾರ ತೆಗೆದ ಕೂಡಲೇ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಿಸಬಲ್ಲದು. ಹೊರಬಂದವನು ‘ಏನೂ ಆಗಿಲ್ಲ’ ಎಂದರೂ ಆಸ್ಪತ್ರೆಗೆ ಕಳಿಸಿ, ಎಷ್ಟು ಹೊತ್ತು ಅಡಿಯಲ್ಲಿದ್ದ ಎಂದು ಚೀಟಿಯಲ್ಲಿ ಬರೆದುಕೊಡಿ.