ಬೋರ್ಡ್ ಹೋಗಿದೆ ಅಂದಿದ್ದ ಟ್ಯಾಬ್

ಚಿಕ್ಕಮಗಳೂರಲ್ಲಿ ಮಳೆ ಹಿಡಿಯಿತು ಅಂದರೆ ನನ್ನ ಅಂಗಡಿಗೆ ಸತ್ತ ಟ್ಯಾಬ್‌ಗಳು ಜಾಸ್ತಿ ಬರುತ್ತವೆ. ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು ಕಡೆಯವು. ಅಲ್ಲಿ ಮನೆಯೊಳಗೂ ತೇವ, ಕರೆಂಟಿನ ಕಾಟ ಬೇರೆ. ತಂದವರೆಲ್ಲ ಹೇಳುವುದು ಒಂದೇ: "ಚಾರ್ಜೂ ಆಗ್ತಿಲ್ಲ, ಆನೂ ಆಗ್ತಿಲ್ಲ." ಇಂಥವುಗಳಲ್ಲಿ ಬಹಳಷ್ಟಕ್ಕೆ ಬೋರ್ಡ್, ಅಂದರೆ ಒಳಗಿನ ಮುಖ್ಯ ಸರ್ಕ್ಯೂಟ್, ಹೋಗಿರುವುದಿಲ್ಲ. ಅದಕ್ಕೇ ನಾನು ಬಿಚ್ಚುವ ಮೊದಲು ಅಳೆಯುತ್ತೇನೆ.

ಆಲ್ದೂರು ಕಡೆಯ ಕಾಫಿ ತೋಟದಲ್ಲಿ ಲೆಕ್ಕಪತ್ರ ನೋಡುವ ರೈಟರ್ ಒಬ್ಬರು ತಂದ ಟ್ಯಾಬ್ ಇದಕ್ಕೆ ಒಳ್ಳೆ ಉದಾಹರಣೆ. 2020ರ ಲಾಕ್‌ಡೌನ್‌ನಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆ ಅಂತ ತಗೊಂಡಿದ್ದು. ಶಾಲೆ ಶುರುವಾದ ಮೇಲೆ ಬೀರು ಸೇರಿತ್ತು. ಮಗಳು ಪಿಯುಸಿಗೆ ಬಂದ ಮೇಲೆ ಮತ್ತೆ ನೆನಪಾಗಿದೆ. ಬೇರೆ ಕಡೆ ತೋರಿಸಿದರೆ ಬಿಚ್ಚದೇ "ಬೋರ್ಡ್ ಹೋಗಿದೆ" ಅಂದರಂತೆ.

"ಹೊಸದೇ ತಗೊಳ್ಳೋದು ವಾಸಿ ಅಲ್ವಾ?" ಅಂತ ಕೇಳಿದರು.

"ಇರಿ ರೈಟ್ರೇ, ಮೊದಲು ಮೀಟರ್ ಏನನ್ನುತ್ತೆ ನೋಡೋಣ" ಅಂದೆ.

ಮನೆಯಲ್ಲೇ ಮಾಡಬಹುದಾದ ಕೆಲಸ ಮೊದಲು. ಚೆನ್ನಾಗಿರುವ ಬೇರೆ ಕೇಬಲ್, 2 ಆಂಪಿಯರ್ ಚಾರ್ಜರ್ ಹಾಕಿ ಅರ್ಧ ಗಂಟೆ ಸುಮ್ನೆ ಬಿಡಬೇಕು. ಲ್ಯಾಪ್‌ಟಾಪಿಗೆ ಚುಚ್ಚಬೇಡಿ. ಹಳೆ ಯುಎಸ್‌ಬಿ 2.0 ಪೋರ್ಟ್ ಕೊಡುವುದು ಅರ್ಧ ಆಂಪಿಯರ್ ಅಷ್ಟೇ. ಆಮೇಲೆ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಕೆಲವು ಮಾಡೆಲ್‌ಗಳಲ್ಲಿ ಜೊತೆಗೆ ವಾಲ್ಯೂಮ್ ಬಟನ್ನೂ ಒತ್ತಬೇಕು. ಹ್ಯಾಂಗ್ ಆಗಿ ಕಪ್ಪಾಗಿ ಕೂತಿದ್ದರೆ ಇಷ್ಟಕ್ಕೇ ಎದ್ದುಬಿಡುತ್ತದೆ. ರೈಟರು ಇದನ್ನೆಲ್ಲ ಮಾಡಿ ನೋಡಿದ್ದರು.

ಚಾರ್ಜರಿಗೂ ಕೇಬಲ್ಲಿಗೂ ನಡುವೆ ಹಾಕುವ ಯುಎಸ್‌ಬಿ ಮೀಟರ್ ಸಣ್ಣ ಸಾಮಾನು, ಬೆಲೆಯೂ ಕಡಿಮೆ. ಆದರೆ ಅರ್ಧ ಕಥೆ ಅದೇ ಹೇಳುತ್ತದೆ. ಒಂದು ಆಂಪಿಯರ್ ಹತ್ತಿರ ಎಳೆಯುತ್ತಿದ್ದರೆ ಟ್ಯಾಬ್‌ಗೆ ಜೀವ ಇದೆ, ಡಿಸ್‌ಪ್ಲೇ ಕಡೆ ನೋಡಬೇಕು. ಕತ್ತಲಲ್ಲಿ ಪರದೆ ಮೇಲೆ ಟಾರ್ಚ್ ಓರೆಯಾಗಿ ಬಿಟ್ಟರೆ ಮಸುಕಾಗಿ ಚಿತ್ರ ಕಾಣುತ್ತದೆ. ಆಗ ಹೋಗಿರುವುದು ಬ್ಯಾಕ್‌ಲೈಟ್. 0.1 ಆಂಪಿಯರ್ ಆಸುಪಾಸು ನಿಂತಿದ್ದರೆ ಬ್ಯಾಟರಿ ತೀರಾ ಇಳಿದಿರಬಹುದು, ಬಿಟ್ಟು ಕಾಯಬೇಕು. ಸೊನ್ನೆ ಬಂದರೆ ಕರೆಂಟ್ ಒಳಗೇ ಹೋಗುತ್ತಿಲ್ಲ. ಇವರದ್ದು ಸೊನ್ನೆ.

ಪೋರ್ಟ್ ಒಳಗೆ ಲೆನ್ಸ್ ಹಿಡಿದು ನೋಡಿದೆ. ಪಿನ್‌ಗಳ ಮೇಲೆ ಹಸಿರು ಕಿಲುಬು. ಮಲೆನಾಡಿನ ಬೀರುವಿನಲ್ಲಿ ವರ್ಷಗಟ್ಟಲೆ ಇದ್ದರೆ ಇನ್ನೇನಾಗುತ್ತದೆ? ಬರೀ ದೂಳು, ಹತ್ತಿ ಇದ್ದಿದ್ದರೆ ಮರದ ಹಲ್ಲುಕಡ್ಡಿಯಲ್ಲಿ ತೆಗೆದು, ಐಪಿಎಯಲ್ಲಿ (ಬೇಗ ಆರುವ ಐಸೊಪ್ರೊಪೈಲ್ ಆಲ್ಕೋಹಾಲ್) ಬ್ರಷ್ ಮಾಡಿ ಮುಗಿಸುತ್ತಿದ್ದೆ. ಗುಂಡುಸೂಜಿ ಹಾಕಿ ಕೆದಕುವವರಿದ್ದಾರೆ, ಅವರಿಂದಲೂ ನನಗೆ ಕೆಲಸ ಸಿಗುತ್ತದೆ.

ಇದನ್ನು ಬಿಚ್ಚಲೇಬೇಕಿತ್ತು. ಅಂಚಿಗೆ ಹದವಾಗಿ ಬಿಸಿ ಗಾಳಿ ಕೊಟ್ಟು, ತೆಳು ಪ್ಲಾಸ್ಟಿಕ್ ತುಂಡು ತೂರಿಸಿ ಹಿಂದಿನ ಕವರ್ ಎಬ್ಬಿಸಿದೆ. ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ತೆಗೆಯುವುದು. ಬ್ಯಾಟರಿ ಊದಿದ್ದರೆ ನಾನು ಮುಂದೆ ಹೋಗುವುದೇ ಇಲ್ಲ, ಅದನ್ನು ಬದಲಾಯಿಸಲೇಬೇಕು. ಇದು ಚಪ್ಪಟೆಯಾಗೇ ಇತ್ತು.

ಚಾರ್ಜಿಂಗ್ ಪೋರ್ಟ್ ಈ ಮಾಡೆಲ್‌ನಲ್ಲಿ ಪ್ರತ್ಯೇಕ ಸಣ್ಣ ಬೋರ್ಡ್ ಮೇಲಿದೆ. ಮುಖ್ಯ ಬೋರ್ಡಿನ 5 ವೋಲ್ಟ್ ಲೈನಿಗೂ ಗ್ರೌಂಡಿಗೂ ಮಲ್ಟಿಮೀಟರ್ ಇಟ್ಟೆ. ಶಾರ್ಟ್ ಇಲ್ಲ. ಹೋಗಿದೆ ಅಂದಿದ್ದ ಬೋರ್ಡ್ ಗಟ್ಟಿಯಾಗೇ ಇತ್ತು. ಕಿಲುಬು ಹಿಡಿದ ಸಣ್ಣ ಬೋರ್ಡಿನ ಬದಲು ಹೊಸದನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನಿಂದ ತರಿಸಿ ಹಾಕಿದೆ.

ಇನ್ನು ಬ್ಯಾಟರಿ. ಕನೆಕ್ಟರಿನಲ್ಲಿ ಅಳೆದರೆ ಸೊನ್ನೆ ವೋಲ್ಟ್. ಇದನ್ನು ನೋಡಿ ತುಂಬಾ ಜನ ಬ್ಯಾಟರಿ ಎಸೆಯುತ್ತಾರೆ. ಲಿಥಿಯಂ ಸೆಲ್ ಸುಮಾರು 2.5 ವೋಲ್ಟಿಗಿಂತ ಕೆಳಗೆ ಇಳಿದರೆ ಅದರ ತಲೆಯ ಹತ್ತಿರ ಇರುವ ಪ್ರೊಟೆಕ್ಷನ್ ಸರ್ಕ್ಯೂಟ್ ಸಂಪರ್ಕ ಕಡಿದುಬಿಡುತ್ತದೆ, ಸೆಲ್ಲಿನಲ್ಲಿ ಜೀವ ಇದ್ದರೂ ಹೊರಗೆ ಸೊನ್ನೆ ಕಾಣುತ್ತದೆ. ಟೇಪ್ ಸರಿಸಿ ಸೆಲ್ಲಿನ ಪಟ್ಟಿಯಲ್ಲೇ ಅಳೆದೆ, 2.4 ಇತ್ತು. 2 ವೋಲ್ಟಿಗಿಂತ ಕೆಳಗಿದ್ದರೆ ನಾನು ಮುಟ್ಟುವುದಿಲ್ಲ. ಅಷ್ಟು ಇಳಿದಾಗ ಒಳಗಿನ ತಾಮ್ರ ಕರಗಿರಬಹುದು, ಚಾರ್ಜ್ ಕೊಟ್ಟರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು.

ಬಹಳ ದಿನ ಉಪವಾಸ ಇದ್ದವರಿಗೆ ಮೊದಲು ಗಂಜಿ ಕೊಡುತ್ತಾರಲ್ಲ, ಇದಕ್ಕೂ ಹಾಗೆಯೇ. ಡಿಸಿ ಪವರ್ ಸಪ್ಲೈಯನ್ನು 4.2 ವೋಲ್ಟ್, 0.1 ಆಂಪಿಯರ್‌ಗೆ ಕಟ್ಟಿ ಹಾಕಿ, ಪ್ರೊಟೆಕ್ಷನ್ ಸರ್ಕ್ಯೂಟ್ ಮೂಲಕವೇ ಕೊಟ್ಟೆ. ಚಾರ್ಜ್ ವೋಲ್ಟೇಜ್ ಸಿಕ್ಕಿದ ಕೂಡಲೇ ಆ ಸರ್ಕ್ಯೂಟ್ ಎಚ್ಚರವಾಯಿತು. ಬೆರಳಿಟ್ಟು ಬಿಸಿಯಾಗುತ್ತಿದೆಯಾ ಅಂತ ನೋಡುತ್ತಾ ಪಕ್ಕದಲ್ಲೇ ಕೂತಿದ್ದೆ. 3.2 ದಾಟಿದ ಮೇಲೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆದೆ. ಇಳಿದಿರಲಿಲ್ಲ. ಇಳಿದಿದ್ದರೆ ಹೊಸ ಬ್ಯಾಟರಿಯೇ ಹಾಕುತ್ತಿದ್ದೆ. ಇದು ಮನೆಯಲ್ಲಿ ಮಾಡಿ ನೋಡುವ ಕೆಲಸ ಅಲ್ಲ, ಯೂಟ್ಯೂಬ್ ಏನೇ ಹೇಳಲಿ. ತೇವ ಅಂತ ಟ್ಯಾಬನ್ನು ಒಲೆ ಪಕ್ಕ ಇಟ್ಟು ಒಣಗಿಸುವುದೂ ಬೇಡ.

ಜೋಡಿಸಿ ಚಾರ್ಜರ್ ಹಾಕಿದೆ. ಮೀಟರ್ ಒಂದು ಆಂಪಿಯರ್ ದಾಟಿತು, ಪರದೆ ಮೇಲೆ ಬ್ಯಾಟರಿ ಚಿತ್ರ ಬಂತು.

ಆನ್ ಆದ ಮೇಲೆ ವೈಫೈ ಸಿಕ್ಕರೂ ಯಾವ ಪೇಜೂ ತೆರೆಯಲಿಲ್ಲ. ರೈಟರು ಗಾಬರಿಯಾದರು. ಬ್ಯಾಟರಿ ಪೂರ್ತಿ ಸತ್ತಿದ್ದರಿಂದ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು, ತಾರೀಖು ತಪ್ಪಿದ್ದರೆ ಬ್ರೌಸರ್ ಸೈಟುಗಳನ್ನು ನಂಬುವುದಿಲ್ಲ. ಅದನ್ನು ಸರಿ ಮಾಡಿಕೊಟ್ಟೆ. ಮತ್ತೆ ಬೀರುವಿಗೆ ಇಡುವುದಾದರೆ ಅರ್ಧ ಚಾರ್ಜ್ ಮಾಡಿ ಇಡಿ, ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಚಾರ್ಜಿಗೆ ಹಾಕಿ ಅಂದೆ. "ಇನ್ನು ಬೀರು ಕಂಡೀತಾ, ಅವಳು ಬಿಡಬೇಕಲ್ಲ" ಅಂದರು ರೈಟರು.