ಒಂದೇ ಬೀಟ್, ನಾಲ್ಕು ಭಾಷೆ: ಕೊಡುವ ಮುನ್ನ ಬರೆದಿಡಬೇಕಾದ್ದು

ಉಪ್ಪಳದಲ್ಲೋ ಬದಿಯಡ್ಕದಲ್ಲೋ ಮನೆಯ ಕೋಣೆಯಲ್ಲಿ ಕೂತು ಕಟ್ಟಿದ, ಹಾಡಿಗೆ ಹಿನ್ನೆಲೆಯಾಗುವ ಸಿದ್ಧ ಸಂಗೀತವಾದ ಒಂದೇ ಬೀಟ್‌ಗೆ ಮಂಗಳೂರಿನ ತುಳು ರ‍್ಯಾಪರ್, ಕಾಞಂಗಾಡಿನ ಮಲಯಾಳಂ ಮದುವೆ ಹಾಡಿನ ತಂಡ, ಶಾರ್ಜಾದಲ್ಲಿರುವ ಬ್ಯಾರಿ ಗಾಯಕ, ಬೆಂಗಳೂರಿನ ಕನ್ನಡ ಹುಡುಗ ಎಲ್ಲರೂ ಗಿರಾಕಿಗಳಾಗಬಹುದು. ಇಷ್ಟು ಭಾಷೆಗಳ ಮಾರುಕಟ್ಟೆ ಕೈಯಳತೆಯಲ್ಲಿರುವುದು ಕಾಸರಗೋಡಿನ ಭಾಗ್ಯ. ವ್ಯವಹಾರ ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ ‘ಆಯ್ತು, ಕಳಿಸು’ ಎಂಬಲ್ಲಿಗೆ ಮುಗಿದಿರುತ್ತದೆ. ಯಾರಿಗೆ, ಯಾವುದಕ್ಕೆ, ಎಷ್ಟು ಕಾಲಕ್ಕೆ ಎಂದು ಎಲ್ಲೂ ಬರೆದಿರುವುದಿಲ್ಲ. ಹಾಡು ಓಡಿದ ದಿನವೇ ಜಗಳ ಶುರುವಾಗುತ್ತದೆ.

ಅಡಿಕೆ ಮಾರಿದರೆ ಅಡಿಕೆ ಹೋಯಿತು. ತೋಟ ಗೇಣಿಗೆ ಕೊಟ್ಟರೆ ತೋಟ ನಿಮ್ಮದೇ. ಬೀಟ್ ಲೀಸ್ ಎಂದರೆ ಈ ಗೇಣಿ. ಗೇಣಿ ಚೀಟಿಯಲ್ಲಿ ಗಡಿ ಬರೆಯದಿದ್ದರೆ ಏನಾಗುತ್ತದೆಂದು ನಮ್ಮ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೀಟ್ ಪೂರ್ತಿ ನಿಮ್ಮದೇ?

ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಒಂದು ಬೀಟ್‌ನೊಳಗೆ ಎರಡು ಹಕ್ಕುಗಳಿವೆ. ಸ್ವರ, ತಾಳ, ಜೋಡಣೆ ಸೇರಿದ ಸಂಗೀತ ಕೃತಿ ಒಂದು. ಅದರ ಧ್ವನಿಮುದ್ರಣ ಇನ್ನೊಂದು. ನೀವೇ ನುಡಿಸಿ, ನೀವೇ ಮುದ್ರಿಸಿದ್ದರೆ ಎರಡೂ ನಿಮ್ಮವು. ಗೆಳೆಯ ಗಿಟಾರ್ ನುಡಿಸಿದ್ದರೆ, ಹಳೆಯ ಹಾಡಿನ ತುಣುಕು ಎತ್ತಿಕೊಂಡಿದ್ದರೆ ಲೆಕ್ಕ ಬೇರೆ.

ಅಮೆರಿಕದ ರ‍್ಯಾಪರ್ ಲಿಲ್ ನಾಸ್ ಎಕ್ಸ್ 30 ಡಾಲರ್ ಕೊಟ್ಟು ಆನ್‌ಲೈನ್‌ನಲ್ಲಿ ಕೊಂಡ ಬೀಟ್ ಮೇಲೆ ಕಟ್ಟಿದ ‘ಓಲ್ಡ್ ಟೌನ್ ರೋಡ್’ 2019ರಲ್ಲಿ ಬಿಲ್‌ಬೋರ್ಡ್ ಹಾಟ್ 100 ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನದಲ್ಲಿ 19 ವಾರ ನಿಂತಿತು. ಆ ಬೀಟ್‌ನೊಳಗಿನ ತುಣುಕು ನೈನ್ ಇಂಚ್ ನೇಲ್ಸ್ ತಂಡದ 2008ರ ಆಲ್ಬಮ್‌ನದು. ಕೊನೆಗೆ ಆ ತಂಡದ ಟ್ರೆಂಟ್ ರೆಜ್ನರ್, ಅಟಿಕಸ್ ರಾಸ್ ಇಬ್ಬರ ಹೆಸರೂ ಹಾಡಿನ ರಚನೆಕಾರರ ಸಾಲಿಗೆ ಸೇರಿತು. 30 ಡಾಲರಿನ ಬೀಟ್‌ನೊಳಗೂ ಇನ್ನೊಬ್ಬರ ಪಾಲು ಅಡಗಿರಬಹುದು.

ನಮ್ಮಲ್ಲಿ ಈ ತೊಡಕು ಹೆಚ್ಚಾಗಿ ಯಕ್ಷಗಾನದ ಕ್ಯಾಸೆಟ್‌ಗಳಿಂದ ಬರುತ್ತದೆ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯಕ್ಕೆ ಇಂದು ಹಕ್ಕುಸ್ವಾಮ್ಯವಿಲ್ಲ, ನಿಜ. ಆದರೆ ಅದೇ ಪದ್ಯವನ್ನು ಭಾಗವತರೊಬ್ಬರು ಹಾಡಿ 1985ರಲ್ಲಿ ಬಿಡುಗಡೆಯಾದ ಕ್ಯಾಸೆಟ್ ಇದ್ದರೆ, ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ, ಅಂದರೆ 2045ರವರೆಗೆ. ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶಕರ ಹಕ್ಕು 50 ವರ್ಷ. ನಾಲ್ಕು ಸೆಕೆಂಡಿನ ಚೆಂಡೆ ಉರುಳಿಕೆ ಎತ್ತಿಕೊಂಡರೂ ಅನುಮತಿ ಬೇಕು.

ಇದಕ್ಕಿಂತ ಸುಲಭದ ದಾರಿ, ಚೆಂಡೆ ಮದ್ದಳೆಯವರನ್ನು ಕರೆಸಿ ಹೊಸದಾಗಿ ಮುದ್ರಿಸುವುದು. ಚೆಂಡೆಗೆ ಮೈಕ್ ಒಂದೂವರೆಯಿಂದ ಎರಡು ಮೀಟರ್ ದೂರವಿರಲಿ, ಗರಿಷ್ಠ ಮಟ್ಟ ಮೈನಸ್ 10 ಡೆಸಿಬೆಲ್ ಹತ್ತಿರ ಇರಲಿ. ಹತ್ತಿರ ಇಟ್ಟರೆ ಏಟಿನ ತುದಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಸರಿಮಾಡಲಾಗದು. ಮದ್ದಳೆಗೆ ಶ್ರುತಿ ಇದೆ. ಎಷ್ಟಕ್ಕೆ ಕೂರಿಸಿದ್ದೀರಿ ಎಂದು ಕೇಳಿ ಬರೆದುಕೊಳ್ಳಿ. ‘ಕಪ್ಪು ಎರಡು’ ಎಂದರೆ ನಿಮ್ಮ ಸಾಫ್ಟ್‌ವೇರ್‌ನಲ್ಲಿ ಡಿ ಶಾರ್ಪ್. ಅದನ್ನು ಎಫ್‌ಗೆ ಎಳೆದರೆ ಚರ್ಮದ ನಾದ ಸತ್ತು ಪ್ಲಾಸ್ಟಿಕ್ ಡಬ್ಬದಂತಾಗುತ್ತದೆ. ಬೀಟ್‌ನ ಶ್ರುತಿಯನ್ನೇ ಮದ್ದಳೆಗೆ ಹೊಂದಿಸುವುದು ಮೇಲು. ಮುದ್ರಣ ಮುಗಿದ ಕೂಡಲೇ ಸಂಭಾವನೆ, ದಿನಾಂಕ, ‘ಈ ನುಡಿಸಾಣಿಕೆಯನ್ನು ಬೀಟ್‌ನಲ್ಲಿ ಬಳಸಿ ಇತರರಿಗೆ ಪರವಾನಗಿ ಕೊಡಲು ಒಪ್ಪಿಗೆ ಇದೆ’ ಎಂಬ ಒಂದು ವಾಕ್ಯ, ಸಹಿ, ಇಷ್ಟಾದರೆ ಸಾಕು.

ಕೋಲದಲ್ಲಿ ಮೊಬೈಲ್‌ಗೆ ಸಿಕ್ಕ ದೈವದ ನುಡಿ, ತೆಯ್ಯದ ತೋಟ್ಟಂ ಹಾಡು ಇಂಥವನ್ನು ಆ ಸ್ಥಾನದವರನ್ನು ಕೇಳದೆ ಬಳಸಲೇಬಾರದು. ಅದು ಕಾನೂನಿಗಿಂತ ದೊಡ್ಡ ಪ್ರಶ್ನೆ.

ಫೈಲುಗಳು

ಪ್ರತಿ ಬೀಟ್‌ಗೆ ನಾಲ್ಕು ರೂಪಗಳನ್ನು ಒಟ್ಟಿಗೇ ತೆಗೆದಿಡಿ: ಧ್ವನಿಮುದ್ರೆ (ಬೀಟ್ ನಿಮ್ಮದೆಂದು ಸಾರುವ ಚಿಕ್ಕ ಧ್ವನಿ ಗುರುತು, ಟ್ಯಾಗ್) ಇರುವ ಎಂಪಿ3, ಇಲ್ಲದ 320 ಕೆಬಿಪಿಎಸ್ ಎಂಪಿ3, 24 ಬಿಟ್ 44.1 ಕಿಲೋಹರ್ಟ್ಸ್ ವೇವ್, ಮತ್ತು ಒಂದೊಂದು ವಾದ್ಯದ ಬೇರೆ ಬೇರೆ ಫೈಲುಗಳಾದ ಬಿಡಿ ಸ್ಟೆಮ್‌ಗಳು. ಮೂರು ನಿಮಿಷದ ವೇವ್ ಸುಮಾರು 48 ಎಂಬಿ. ಹನ್ನೆರಡು ಸ್ಟೆಮ್ ಆದರೆ 570 ಎಂಬಿ ದಾಟುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಿದ್ದರೆ ‘ಡಾಕ್ಯುಮೆಂಟ್’ ಎಂದು ಆರಿಸಿಯೇ ಕಳಿಸಿ. ಫೈಲಿನ ಹೆಸರಿನಲ್ಲೇ ಬೀಟ್ ಸಂಖ್ಯೆ, ಬಿಪಿಎಂ (ನಿಮಿಷಕ್ಕೆ ಬೀಳುವ ಏಟು), ಶ್ರುತಿ ಇರಲಿ.

ಧ್ವನಿಮುದ್ರೆಯನ್ನು ಹಾಡಿನ ಆರಂಭದಲ್ಲಿ ಒಮ್ಮೆ ಹಾಕಿ ಬಿಟ್ಟರೆ ಉಪಯೋಗವಿಲ್ಲ. 140 ಬಿಪಿಎಂನಲ್ಲಿ ಎಂಟು ಬಾರ್ (ನಾಲ್ಕು ಏಟಿಗೆ ಒಂದು ಬಾರ್) ಎಂದರೆ 13.7 ಸೆಕೆಂಡ್. ಅಷ್ಟು ಶುದ್ಧವಾಗಿ ಸಿಕ್ಕರೆ ಕದಿಯುವವರು ಅದನ್ನೇ ಸುತ್ತಿಸಿ ಪೂರ್ತಿ ಹಾಡು ಮಾಡಿಕೊಳ್ಳುತ್ತಾರೆ. ಪ್ರತಿ ಎಂಟು ಬಾರ್‌ನೊಳಗೆ ಒಮ್ಮೆ, ಬಾರ್‌ನ ಮೊದಲ ಏಟಿನ ಬದಲು ಮಧ್ಯದಲ್ಲಿ, ಮತ್ತೆ ಮತ್ತೆ ಬರುವ ಪಲ್ಲವಿಯಾದ ಹುಕ್‌ನಲ್ಲಿ ತಪ್ಪದೆ ಹಾಕಿ.

ಸ್ಟೆಮ್ ತೆಗೆಯುವಾಗ ಎಲ್ಲವೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಬೇಕು, ಮಾಸ್ಟರ್‌ನ ಲಿಮಿಟರ್ (ಒಟ್ಟು ಸದ್ದನ್ನು ಮಿತಿಯಲ್ಲಿಡುವ ಸಾಧನ) ಆರಿರಬೇಕು, ಕೊನೆಗೆ ಎರಡು ಬಾರ್ ಖಾಲಿ ಬಿಡಬೇಕು. ಇಲ್ಲದಿದ್ದರೆ ರಿವರ್ಬ್‌ನ ಬಾಲ ಕತ್ತರಿಸಿಹೋಗುತ್ತದೆ. ಹೆಚ್ಚಿನವರು ಎಡವುವುದು ಸೈಡ್‌ಚೈನ್‌ನಲ್ಲಿ. ಕಿಕ್ ಬಿದ್ದಾಗ ಬೇಸ್ ತಗ್ಗುವಂತೆ ಮಾಡಿದ್ದು, ಬೇಸ್ ಒಂದನ್ನೇ ಸೋಲೋ ಇಟ್ಟು ತೆಗೆದರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ತಗ್ಗುವುದೇ ಇಲ್ಲ. ಗಿರಾಕಿಯ ಕೈಯಲ್ಲಿ ತಗ್ಗು ನಾದವೆಲ್ಲ ಕೆಸರಾಗುತ್ತದೆ. ಸ್ಟೆಮ್‌ಗಳನ್ನೆಲ್ಲ ಹೊಸ ಪ್ರಾಜೆಕ್ಟ್‌ಗೆ ಎಳೆದು ಒಮ್ಮೆ ಕೇಳಿ ನೋಡಿದ ಮೇಲೆಯೇ ಕಳಿಸಿ.

ಯಾವ ಬಗೆಯ ಗೇಣಿ, ಎಷ್ಟಕ್ಕೆ

ಸಾಮಾನ್ಯವಾಗಿ ಎಂಪಿ3 ಲೀಸ್, ವೇವ್ ಲೀಸ್, ಸ್ಟೆಮ್ ಲೀಸ್, ಏಕಸ್ವಾಮ್ಯ ಎಂಬ ಮೆಟ್ಟಿಲುಗಳಿವೆ. ಎಂಪಿ3ಗೆ ಒಂದು ಪಾಲು ದರವಾದರೆ ವೇವ್‌ಗೆ ಒಂದೂವರೆಯಿಂದ ಎರಡು, ಸ್ಟೆಮ್‌ಗೆ ನಾಲ್ಕು, ಏಕಸ್ವಾಮ್ಯಕ್ಕೆ ಕನಿಷ್ಠ ಇಪ್ಪತ್ತು ಪಾಲು ಇಡುವುದು ನ್ಯಾಯ. ಏಕಸ್ವಾಮ್ಯವನ್ನು ಅಗ್ಗಕ್ಕೆ ಕೊಡಬೇಡಿ: ಆಮೇಲೆ ಆ ಬೀಟ್‌ನಿಂದ ಹೊಸ ಗಿರಾಕಿ ಬರುವ ದಾರಿ ಮುಚ್ಚುತ್ತದೆ. ಅದಕ್ಕೆ ಮುಂಚೆ ಕೊಟ್ಟ ಲೀಸ್‌ಗಳು ಅವಧಿ ಮುಗಿಯುವವರೆಗೆ ಬದುಕಿರುತ್ತವೆ. ಕೊಳ್ಳುವವರಿಗೆ ಆ ಪಟ್ಟಿಯನ್ನು ಮೊದಲೇ ತೋರಿಸಬೇಕು. ಮುಚ್ಚಿಟ್ಟರೆ ತಪ್ಪು ನಿಮ್ಮದು.

ಗಡಿನಾಡಿನವರಿಗೆ ಇಲ್ಲೊಂದು ವಿಶೇಷ ಅನುಕೂಲವಿದೆ: ಭಾಷೆವಾರು ಏಕಸ್ವಾಮ್ಯ. ‘ಕನ್ನಡದಲ್ಲಿ ಇವರಿಗೆ ಮಾತ್ರ’ ಎಂದು ಬರೆದು, ಮಲಯಾಳಂ, ತುಳು, ಬ್ಯಾರಿ ಹಕ್ಕುಗಳನ್ನು ನೀವೇ ಇಟ್ಟುಕೊಳ್ಳಬಹುದು. ಆದರೆ ನಮ್ಮ ರ‍್ಯಾಪರ್‌ಗಳು ಒಂದೇ ಹಾಡಿನಲ್ಲಿ ಮೂರು ಭಾಷೆ ಬೆರೆಸುತ್ತಾರೆ. ‘ಹುಕ್ ಯಾವ ಭಾಷೆಯಲ್ಲಿದೆಯೋ ಅದೇ ಹಾಡಿನ ಭಾಷೆ’ ಎಂಬ ವ್ಯಾಖ್ಯೆಯನ್ನು ಹಾಳೆಯಲ್ಲೇ ಸೇರಿಸಿ.

ಹಾಳೆಯಲ್ಲಿ ಬರೆಯಬೇಕಾದ್ದು

ಒಂದು ಎ4 ಹಾಳೆ ಸಾಕು. ಪರವಾನಗಿ ಲಿಖಿತವಾಗಿರಬೇಕು ಎಂದು ಕಾಯ್ದೆಯ 30ನೇ ಕಲಂ ಹೇಳುತ್ತದೆ. ಬೀಟ್‌ನ ಹೆಸರು, ಸಂಖ್ಯೆ, ಇಬ್ಬರ ಕಾನೂನುಬದ್ಧ ಹೆಸರು, ಹಣ, ದಿನಾಂಕ ಸರಿ. ಬಿಟ್ಟುಹೋಗುವುದು ಮುಂದಿನ ಎರಡು.

ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ತಿಳಿಯುತ್ತದೆ. ನೀವು ಎರಡು ವರ್ಷಕ್ಕೆಂದುಕೊಂಡು ಕೊಟ್ಟಿದ್ದರೂ ಅಷ್ಟೇ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದಾಗುತ್ತದೆ. 19ನೇ ಕಲಮಿನ ಈ ನಿಯಮಗಳು 30ಎ ಕಲಮಿನ ಮೂಲಕ ಪರವಾನಗಿಗೂ ಅನ್ವಯ. ಕೇಳುಗರಲ್ಲಿ ಅರ್ಧ ಜನ ಗಲ್ಫ್‌ನಲ್ಲಿರುವ ಹಾಡಿಗೆ ಇದು ಸಣ್ಣ ಮಾತಲ್ಲ. ‘ಜಗತ್ತಿನಾದ್ಯಂತ’ ಎಂದೋ, ‘ಭಾರತ ಮತ್ತು ಕೊಲ್ಲಿ ರಾಷ್ಟ್ರಗಳು’ ಎಂದೋ ಸ್ಪಷ್ಟವಾಗಿ ಬರೆಯಿರಿ.

ಮುಂದೆ ಬಳಕೆಯ ಮಿತಿ: ಎಷ್ಟು ಸ್ಟ್ರೀಮ್‌ಗಳವರೆಗೆ, ಎಷ್ಟು ವಿಡಿಯೊ, ವೇದಿಕೆಯಲ್ಲಿ ಹಾಡಬಹುದೇ, ಜಾಹೀರಾತಿಗೆ, ಸಿನಿಮಾಕ್ಕೆ ಕೊಡಬಹುದೇ. ಜಾಹೀರಾತು ಮತ್ತು ಸಿನಿಮಾವನ್ನು ಸಾದಾ ಲೀಸ್‌ನಿಂದ ಹೊರಗಿಟ್ಟು ಪ್ರತ್ಯೇಕವಾಗಿ ಮಾತಾಡಿ. ಚುನಾವಣಾ ಪ್ರಚಾರದ ಹಾಡನ್ನೂ ಹಾಗೆಯೇ ಹೊರಗಿಡಿ. ಮಂಜೇಶ್ವರದ ಕಡೆ ಚುನಾವಣೆ ಬಂದಾಗ ಬೀಟ್ ಎಲ್ಲಿ ಕೇಳಿಸುತ್ತದೋ ಹೇಳಲಾಗದು.

ಹಣ ಕಳಿಸುವವರು ಒಬ್ಬರು, ಹಾಡುವವರು ಇನ್ನೊಬ್ಬರು ಆಗಿರುವುದು ಇಲ್ಲಿ ಮಾಮೂಲು. ಶಾರ್ಜಾದ ಗಾಯಕನಿಗಾಗಿ ಕುಂಬಳೆಯಲ್ಲಿರುವ ಅಣ್ಣ ಯುಪಿಐ ಮಾಡುತ್ತಾನೆ. ಪರವಾನಗಿ ಗಾಯಕನ ಹೆಸರಿಗೇ ಇರಲಿ, ಪಾವತಿ ಮಾಡಿದವರ ಹೆಸರನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಇಲ್ಲವಾದರೆ ನಾಳೆ ಯೂಟ್ಯೂಬ್‌ಗೆ ತೋರಿಸುವಾಗ ಚಾನೆಲ್‌ನ ಹೆಸರೂ ರಸೀದಿಯ ಹೆಸರೂ ತಾಳೆಯಾಗುವುದಿಲ್ಲ. ಹಾಳೆಯನ್ನು ಕನ್ನಡ ಮತ್ತು ಮಲಯಾಳಂ ಎರಡರಲ್ಲಿ ಮಾಡಿದ್ದರೆ, ವ್ಯತ್ಯಾಸ ಬಂದಾಗ ಯಾವ ಪ್ರತಿ ಅಂತಿಮ ಎಂಬುದನ್ನೂ ಸೇರಿಸಿ.

ದೊಡ್ಡ ಕಂಪನಿಗಳ ಕರಡಿನಲ್ಲಿ ‘ಸಂಗೀತಗಾರ ಮುಂದೆ ಯಾವ ರಾಯಧನವನ್ನೂ ಕೇಳತಕ್ಕದ್ದಲ್ಲ’ ಎಂಬ ಸಾಲು ಕಂಡರೆ ಹೆದರಬೇಡಿ. 2012ರ ತಿದ್ದುಪಡಿಯ ಪ್ರಕಾರ ಧ್ವನಿಮುದ್ರಣದಲ್ಲಿ ಸೇರಿದ ಸಂಗೀತ ಕೃತಿಯ ಕರ್ತೃ ತನ್ನ ಸಮಪಾಲು ರಾಯಧನದ ಹಕ್ಕನ್ನು ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಸ್ಥೆಗೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಬರುವುದಿಲ್ಲ. ಹಾಗೆ ಬರೆಸಿಕೊಂಡ ಕರಾರು ಶೂನ್ಯ. ಬೀಟ್ ಕಟ್ಟುವವರು ಇದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.

ಹಂಚಿಕೆ ಮತ್ತು ಕಂಟೆಂಟ್ ಐಡಿ

ಬೀಟ್‌ಸ್ಟಾರ್ಸ್, ಏರ್‌ಬಿಟ್‌ನಂಥ ಮಳಿಗೆಗಳಲ್ಲಿ ಬೀಟ್ ಇಡಬಹುದು, ಯೂಟ್ಯೂಬ್‌ನಲ್ಲಿ ಕೇಳಿಸಿ ನೇರವಾಗಿಯೂ ಕೊಡಬಹುದು. ಹಾಡನ್ನು ಸ್ಪಾಟಿಫೈ ಮುಂತಾದೆಡೆ ಸೇರಿಸುವುದು ಡಿಸ್ಟ್ರೊಕಿಡ್, ಟ್ಯೂನ್‌ಕೋರ್‌ನಂಥ ಹಂಚಿಕೆದಾರರು. ಅವರಿಗೆ 3000 ಗುಣಿಸು 3000 ಪಿಕ್ಸೆಲ್‌ನ ಮುಖಚಿತ್ರ ಕೊಡಿ. ಬಿಡುಗಡೆಗೆ ಮೂರು ನಾಲ್ಕು ವಾರ ಮುಂಚೆ ಅಪ್‌ಲೋಡ್ ಆಗಲಿ. ಸ್ಪಾಟಿಫೈ ಸಂಪಾದಕರ ಪ್ಲೇಲಿಸ್ಟ್‌ಗೆ ಕೋರಿಕೆ ಕಳಿಸಲು ಕನಿಷ್ಠ ಏಳು ದಿನ ಬೇಕು. ಪ್ರತಿ ಧ್ವನಿಮುದ್ರಣಕ್ಕೆ ಅದರ ಗುರುತಾದ 12 ಅಕ್ಷರಗಳ ಐಎಸ್‌ಆರ್‌ಸಿ ಸಂಖ್ಯೆ ಸಿಗುತ್ತದೆ. ಹಂಚಿಕೆದಾರರನ್ನು ಬದಲಿಸಿದರೂ ಅದೇ ಸಂಖ್ಯೆ ಕೊಡಿ. ಹೊಸದು ಹಾಕಿದರೆ ಹಳೆಯ ಸ್ಟ್ರೀಮ್‌ಗಳ ಲೆಕ್ಕ ಹರಿದುಹೋಗಬಹುದು.

ಅತಿ ಹೆಚ್ಚು ತಲೆನೋವು ಇಲ್ಲಿದೆ. ಗಾಯಕ ಹಾಡು ಸೇರಿಸುವಾಗ ‘ಕಂಟೆಂಟ್ ಐಡಿ’ ಪೆಟ್ಟಿಗೆಗೆ ಗುರುತು ಹಾಕುತ್ತಾನೆ. ಒಂದೇ ಸದ್ದಿರುವ ವಿಡಿಯೊಗಳನ್ನು ತಾನೇ ಹುಡುಕಿ ಹಕ್ಕುದಾರರ ಹೆಸರಿಗೆ ಹಚ್ಚುವ ಯೂಟ್ಯೂಬ್ ವ್ಯವಸ್ಥೆ ಅದು. ಯೂಟ್ಯೂಬ್‌ನ ಯಂತ್ರಕ್ಕೆ ಗಾಯನ ಬೇರೆ, ಬೀಟ್ ಬೇರೆ ಎಂಬ ಭೇದವಿಲ್ಲ. ಅದೇ ಬೀಟ್ ಮೇಲಿರುವ ಉಳಿದ ಗಿರಾಕಿಗಳ ಹಾಡುಗಳಿಗೆ, ನಿಮ್ಮದೇ ಮೂಲ ವಿಡಿಯೊಗೆ ಕೂಡ ಅವನ ಹೆಸರಿನಲ್ಲಿ ಕ್ಲೇಮ್ (ಹಕ್ಕಿನ ದಾವೆ) ಬೀಳುತ್ತದೆ. ಏಕಸ್ವಾಮ್ಯವಿಲ್ಲದ ಸಂಗೀತವನ್ನು ಕಂಟೆಂಟ್ ಐಡಿಗೆ ಕೊಡುವಂತಿಲ್ಲ ಎಂಬುದು ಯೂಟ್ಯೂಬ್‌ನದ್ದೇ ನಿಯಮ. ಭಾಷೆವಾರು ಏಕಸ್ವಾಮ್ಯದಲ್ಲೂ ಕೊಡುವಂತಿಲ್ಲ, ಏಕೆಂದರೆ ಮಲಯಾಳಂ ಹಾಡಿನಡಿಯಲ್ಲಿರುವುದೂ ಅದೇ ಬೀಟ್. ಈ ನಿಷೇಧವನ್ನು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ, ಕೊಡುವಾಗ ಬಾಯಿಬಿಟ್ಟೂ ಹೇಳಿ. ಗುರುತು ಹಾಕುವವರಲ್ಲಿ ಹೆಚ್ಚಿನವರಿಗೆ ದುರುದ್ದೇಶವಿರುವುದಿಲ್ಲ, ಗೊತ್ತಿರುವುದಿಲ್ಲ.

ಕ್ಲೇಮ್ ಬಿದ್ದೇ ಬಿಟ್ಟರೆ ಮೊದಲು ಗಾಯಕನಿಗೆ ಫೋನ್ ಮಾಡಿ, ಅವನ ಹಂಚಿಕೆದಾರರ ಮೂಲಕ ತೆಗೆಸಿ. ಆಗದಿದ್ದರೆ ಪರವಾನಗಿಯ ವಿವರದೊಂದಿಗೆ ಡಿಸ್‌ಪ್ಯೂಟ್ ಹಾಕಿ. ಉತ್ತರಿಸಲು ಎದುರಿನವರಿಗೆ 30 ದಿನ ಇರುತ್ತದೆ.

ರಾಯಧನ ಮತ್ತು ತೆರಿಗೆ

ಲೀಸ್ ಹಣ ಒಂದು, ಹಾಡು ಪ್ರಸಾರವಾದಾಗ, ವೇದಿಕೆಯಲ್ಲಿ ಹಾಡಿದಾಗ ಬರುವ ರಾಯಧನ ಇನ್ನೊಂದು. ಎರಡನೆಯದಕ್ಕೆ, ರಾಯಧನ ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ಸಂಗೀತ ಸಂಯೋಜಕರಾಗಿ ಸದಸ್ಯರಾಗಿ, ಪ್ರತಿ ಹಾಡನ್ನೂ ನೋಂದಾಯಿಸಬೇಕು. ಸಾಹಿತ್ಯಕ್ಕೆ ಅರ್ಧ, ಸಂಗೀತಕ್ಕೆ ಅರ್ಧ ಎಂದು ಶುರುಮಾಡಿ; ಗಾಯಕ ಬೀಟ್ ಮೇಲೆ ಹೊಸ ರಾಗ ಕಟ್ಟಿದ್ದರೆ ಸಂಗೀತದ ಅರ್ಧದಲ್ಲಿ ಅವನಿಗೂ ಪಾಲು ಕೊಡಬೇಕು. ಶೇಕಡಾವಾರನ್ನು ಹಾಡು ಬಿಡುಗಡೆಗೆ ಮುಂಚೆಯೇ ಬರೆದುಕೊಳ್ಳಿ.

ಅಮೆರಿಕದ ಹಂಚಿಕೆದಾರರು ಡಬ್ಲ್ಯು-8ಬೆನ್ ತೆರಿಗೆ ನಮೂನೆ ಕೇಳುತ್ತಾರೆ. ತುಂಬದಿದ್ದರೆ ಅಲ್ಲಿನ ರಾಯಧನದಿಂದ ಶೇ 30 ಕಡಿತ. ಪ್ಯಾನ್ ಸಂಖ್ಯೆ ಹಾಕಿ ತುಂಬಿದರೆ ಭಾರತ–ಅಮೆರಿಕ ತೆರಿಗೆ ಒಪ್ಪಂದದ ಪ್ರಕಾರ ಶೇ 15. ಪೇಪಾಲ್ 2021ರ ಏಪ್ರಿಲ್‌ನಿಂದ ದೇಶದೊಳಗಿನ ಪಾವತಿ ನಿಲ್ಲಿಸಿದೆ, ವಿದೇಶದಿಂದ ಹಣ ಪಡೆಯಲು ಬಳಸಬಹುದು.

ನೋಂದಣಿ ಮತ್ತು ಲೆಡ್ಜರ್

ಹಕ್ಕುಸ್ವಾಮ್ಯ ನೋಂದಣಿ ಕಡ್ಡಾಯವಲ್ಲ. ಸಂಗೀತ ಕೃತಿಗೆ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ ಶುಲ್ಕವಿದೆ. ಎಲ್ಲ ಬೀಟ್‌ಗೂ ಬೇಡ, ಏಕಸ್ವಾಮ್ಯಕ್ಕೆ ಹೋಗುವವಕ್ಕೆ ಮಾಡಿಸಿ. ಉಳಿದವಕ್ಕೆ ಪ್ರಾಜೆಕ್ಟ್ ಫೈಲನ್ನೇ ದಿನಾಂಕ ಸಹಿತ ಎರಡು ಕಡೆ ಕಾಪಿ ಇಡಿ. ಒಂದು ಮನೆಯ ಹಾರ್ಡ್‌ಡಿಸ್ಕ್, ಇನ್ನೊಂದು ಕ್ಲೌಡ್. ಮಳೆಗಾಲದ ಸಿಡಿಲಿಗೆ ಕಂಪ್ಯೂಟರ್ ಹೋದರೆ ನಿಮ್ಮದೆಂದು ತೋರಿಸುವ ಪುರಾವೆಯೂ ಅದರೊಂದಿಗೇ ಹೋಗುತ್ತದೆ.

ಕೊನೆಗೆ ಒಂದು ಸ್ಪ್ರೆಡ್‌ಶೀಟ್. ಬೀಟ್ ಸಂಖ್ಯೆ, ಗಿರಾಕಿ, ಭಾಷೆ, ಲೀಸ್ ಬಗೆ, ಹಾಡಿನ ಕೊಂಡಿ, ಮುಗಿಯುವ ದಿನ. ಅವಧಿ ಮುಗಿಯಲು ಒಂದು ತಿಂಗಳಿರುವಾಗ ಗಾಯಕನಿಗೆ ಸಂದೇಶ ಕಳಿಸಿ, ಅಷ್ಟರಲ್ಲಿ ಎಷ್ಟು ಸ್ಟ್ರೀಮ್ ಆಗಿದೆ ಎಂದು ನೋಡಿ, ಮಿತಿ ದಾಟಿದ್ದರೆ ಮುಂದಿನ ಮೆಟ್ಟಿಲಿನ ಲೀಸ್‌ನ ವ್ಯತ್ಯಾಸದ ಹಣ ಕೇಳಿ ಹೊಸ ಹಾಳೆ ಬರೆಯಿರಿ.